ಗೋಲೋ ಅಲ್ಲವೋ

ಬಾಳೆಲೆಯ ದಾರಿಯಲ್ಲಿ ನಮ್ಮ ಕೆಳಗದ್ದೆ.
ಪುತ್ತರಿಯ ಕದಿರು ಮನೆಗೆ ಬಂದು, ಕುಯ್ಲು ಮುಗಿದು,
ಕೂಳೆ ಒಣಗಿ ಕಾಲಿಗೆ ಚುಚ್ಚುವ ಹೊತ್ತಿಗೆ
ಅದು ಗದ್ದೆಯಲ್ಲ, ಮೈದಾನ.
ಒಂದು ತುದಿಯ ಗೋಲಿಗೆ ಸ್ಕೂಲಿನ ಚೀಲಗಳು,
ಇನ್ನೊಂದಕ್ಕೆ ಒಂದು ಜೊತೆ ಚಪ್ಪಲಿ
ಮತ್ತು ಏರಿಯ ಹಲಸಿನ ಮರ.

ಕಾಫಿ ಗಿಡದ ಬಗ್ಗಿದ ಬೇರೇ ನಮಗೆಲ್ಲ ಸ್ಟಿಕ್ಕು.
ಪೆಮ್ಮಣ್ಣನದು ಮಾತ್ರ ಅಂಗಡಿಯದು,
ಹಿಡಿಕೆಗೆ ಸೈಕಲ್ ಟ್ಯೂಬು ಸುತ್ತಿದ್ದು;
ಮುಟ್ಟಿದರೆ ಮೂರು ದಿನ ಮಾತಿಲ್ಲ.
ಬೊಳ್ಳು ಲಂಗ ಸೊಂಟಕ್ಕೆ ಸಿಕ್ಕಿಸಿ,
ಮೊಣಕಾಲಿಗೆ ಗೋಣಿ ತುಂಡು ಕಟ್ಟಿ ಗೋಲಿಗೆ ನಿಂತರೆ
ಎಮ್ಮೆಯೂ ದಾರಿ ಬದಲಿಸುತ್ತಿತ್ತು.
ಒಣಮೀನಿನ ಅಂಗಡಿಯ ಮೊಯ್ದು
ಗೋಣಿಕೊಪ್ಪದಿಂದ ಸೈಕಲ್ ತುಳಿದು ಬರುತ್ತಿದ್ದ,
ಅವನಿಗಿಂತ ಮೊದಲು ಅವನ ವಾಸನೆ.
ನಾನು ಎಲ್ಲರಿಗಿಂತ ಚಿಕ್ಕವಳು. ಹೆಸರಿಗೆ ಹಾಫ್‌ಬ್ಯಾಕು,
ಕೆಲಸ ನೀರು ತರುವುದು.

ಮತ್ತೆ ಚುಬ್ರ.
ಲೈನ್‌ಮನೆಯ ಚುಬ್ರ ಯಾವ ತಂಡದವನೂ ಅಲ್ಲ.
ಚೆಂಡು ತೋಟಕ್ಕೆ ನುಗ್ಗಿದಾಗ "ಚುಬ್ರಾ" ಎಂದರೆ ಸಾಕು,
ಮೆಣಸಿನ ಬಳ್ಳಿ ಅಲುಗಿ
ಚೆಂಡು ಮೊದಲು ಬರುತ್ತಿತ್ತು, ಅವನು ಆಮೇಲೆ.
ಅವನ ಕೈಗೊಂದು ಸ್ಟಿಕ್ಕು ಕೊಟ್ಟ ನೆನಪಿಲ್ಲ ನನಗೆ.
ನೆನಪು ಮಾಡಿಕೊಳ್ಳಲು ನೋಡಿದ್ದೇನೆ. ಇಲ್ಲ.

ಆ ಸಂಜೆ ಮೂರಕ್ಕೆ ಮೂರು.
ಮಾವ ಮಿಲಿಟರಿ ಕ್ಯಾಂಟೀನಿನಿಂದ ತಂದ ಹೊಸ ಬಿಳಿ ಚೆಂಡು.
ಕಣದಲ್ಲಿ ಕಾಫಿ ರಾಶಿಗೆ ಟಾರ್ಪಾಲು ಎಳೆಯುವ ಸದ್ದು,
ಅವ್ವನ ಮೂರನೆಯ ಕೂಗು (ಮೂರನೆಯದರಲ್ಲಿ
ನಮ್ಮ ಹೆಸರಿನ ಜೊತೆ ಮನೆಹೆಸರೂ ಸೇರುತ್ತಿತ್ತು).
"ಇದೊಂದೇ" ಅಂದ ಪೆಮ್ಮಣ್ಣ. ಹೊಡೆದ.
ಟೊಕ್.
ಅಷ್ಟರಲ್ಲಿ ಬೆಳಕು ಮುಗಿದಿತ್ತು.

ಗೋಲು ಅಂದ ಅವನು. ಹೊರಗೆ ಅಂದ ಮೊಯ್ದು.
ನನ್ನ ಕಾಲಿಗೆ ತಾಗಿತು ಅಂದಳು ಬೊಳ್ಳು;
ತಾಗಿದ್ದರೆ ಕುಂಟಬೇಕಿತ್ತಲ್ಲ ಎಂದಾಗ
ಕುಂಟಿ ತೋರಿಸಿದಳು.
ಚೆಂಡೇ ಸಿಗಲಿಲ್ಲ.
ತೆಂಗಿನ ಗರಿಯ ಸೂಡಿ ಹಚ್ಚಿಕೊಂಡು ಚುಬ್ರ
ನಾವು ಉಂಡು ಕೈತೊಳೆದ ಮೇಲೂ ಹುಡುಕುತ್ತಿದ್ದ.
ಕಿಟಕಿಯಿಂದ ನೋಡಿದೆ: ಕಾಫಿ ಸಾಲಿನ ನಡುವೆ
ಒಂದು ಕೆಂಪು ಬೆಳಕು ಕೂರುವುದು, ಏಳುವುದು.

ನಲವತ್ತೊಂದು ವರ್ಷ.
ಪೆಮ್ಮಣ್ಣನ ಎರಡೂ ಮಂಡಿ ಹೋಗಿವೆ.
ಬೊಳ್ಳು ವಿರಾಜಪೇಟೆಯಲ್ಲಿ ಮೊಮ್ಮಗಳಿಗೆ ಜಡೆ ಹೆಣೆಯುತ್ತಾಳೆ.
ಭಾನುವಾರದ ಸಂತೆಯಲ್ಲಿ ಮೊಯ್ದು
ಒಣಸಿಗಡಿ ತೂಗಿ, ಮೇಲೊಂದು ಹಿಡಿ ಹಾಕಿ,
"ನಿಮ್ಮಣ್ಣನಿಗೆ ಹೇಳು, ಅದು ಹೊರಗೆ" ಅನ್ನುತ್ತಾನೆ.
ಹೇಳುತ್ತೇನೆ. ಅಣ್ಣ ಉಣ್ಣುವುದು ಬಿಟ್ಟು
ಕಡಂಬುಟ್ಟುಗಳನ್ನು ಮೇಜಿನ ಮೇಲೆ ಜೋಡಿಸುತ್ತಾನೆ:
ಇದು ಮರ, ಇದು ಚಪ್ಪಲಿ, ಇದು ಆ ಕಳ್ಳ ಮೊಯ್ದು.
ಬೊಳ್ಳು ಫೋನಿನಲ್ಲೇ ಕುಂಟುತ್ತಾಳೆ.

ಈ ವರ್ಷ ಹೂಮಳೆ ಹೊತ್ತಿಗೆ ಸರಿಯಾಗಿ ಬಂತು.
ಹಲಸಿನ ಪೊಟರೆಯಲ್ಲಿ ತುಡುವೆ ಜೇನು ತುಂಬಿದೆ ಎಂದು
ಚುಬ್ರ ಬಂದ, ನೆರೆತ ತಲೆಗೆ ಟವೆಲು ಸುತ್ತಿ.
ಹೊಗೆ ಕೊಟ್ಟು, ಮೊಣಕೈವರೆಗೆ ಕೈ ಇಳಿಸಿ
ಒಂದು ಎರಿ ತೆಗೆದ, ಇನ್ನೊಂದು ಎರಿ,
ಆಮೇಲೆ, ಹುಡುಕದೆ, ತಡವದೆ,
ಮೇಣ ಮೆತ್ತಿದ ಒಂದು ಉಂಡೆ.
ಹೊಲಿಗೆ ಕಂಡಿತು. ಉಗುರಿನಷ್ಟು ಬಿಳಿ.

ಒಳಗೂ ಅಲ್ಲ, ಹೊರಗೂ ಅಲ್ಲ;
ಮರ ನುಂಗಿತ್ತು.

ಅವನ ಮುಖ ನೋಡಿದೆ. "ಗೊತ್ತಿತ್ತಾ?"
ಚುಬ್ರ ಬೆರಳು ನೆಕ್ಕಿದ.
"ಆವತ್ತು ಸೂಡಿ ಆರೋ ಮೊದಲೇ ಸಿಕ್ಕಿತ್ತಕ್ಕಾ.
ನನ್ನದೂ ಒಂದು ಆಟ ಇರಲಿ ಅಂತ ಬಿಟ್ಟೆ."

ನಗಬೇಕೋ ಬೇಡವೋ ತಿಳಿಯದೆ ನಿಂತೆ.
ಒಂದು ನೊಣ ಚೆಂಡಿನ ಮೇಲೆ ಇಡೀ ಸುತ್ತು ನಡೆಯಿತು.
ಅವನು ಕೇಳಲಿಲ್ಲ, ನಾನು ಹೇಳಲಿಲ್ಲ;
ಚೆಂಡು ಪೊಟರೆಗೆ ಹಿಂತಿರುಗಿತು.

ಭಾನುವಾರ ಮೊಯ್ದು ತಕ್ಕಡಿ ಎತ್ತಿ "ಹೊರಗೆ" ಅಂದ.
ಹೇಳುತ್ತೇನೆ ಅಂದೆ.
ಸಿಗಡಿ ಈ ಸಲ ಎರಡು ಪೊಟ್ಟಣ ಕಟ್ಟು,
ಒಂದು ಲೈನ್‌ಮನೆಗೆ.